ಊಟಕ್ಕೆ ಕೂರದವರು

"ಸಾಕು ಬಿಡಿ ಅಕ್ಕಾ. ಮೊಣಕಾಲುದ್ದ ಆಯ್ತಲ್ಲ, ಇನ್ನೇನು ಬಾವಿ ತೋಡ್ತೀರಾ?" ಗಾರೆ ಮೇಸ್ತ್ರಿ ಜಾಪರ್ ಪಾಯದ ಗುಂಡಿಯೊಳಗೆ ನಿಂತು ಕೇಳಿದ.

ಬುರ್ಮಾಕಾನ್ ಹಾರೆಯನ್ನು ಕೆಳಗಿಡಲಿಲ್ಲ. "ಎದೆಮಟ್ಟ ಆಗಬೇಕು," ಎಂದಳು.

"ಎದೆಮಟ್ಟ! ಅಣೆಕಟ್ಟು ಕಟ್ತೀರೇನು? ನೋಡೋಕೆ ಬರೋರು ಪಂಚಾಯ್ತಿಯೋರು ತಾನೆ. ಅವರು ಜೀಪಿಂದ ಕೆಳಗೂ ಇಳಿಯಲ್ಲ. ಮೇಲೆ ಒಂದು ಮೊಳ ಹಲಗೆ ಕಟ್ಟಿ ಕಾಂಕ್ರೀಟ್ ತುಂಬಿಬಿಟ್ರೆ ಪಾಯ ಇದೆ ಅಂತ ಒಪ್ಕೊಂಡು ಹೋಗ್ತಾರೆ. ಈ ಬೀದೀಲಿ ಎಲ್ಲರೂ ಹಾಗೇ ಮಾಡಿರೋದು."

ಜಾಪರ್ ಹೇಳಿದ್ದು ಸುಳ್ಳಲ್ಲ. ನರೀನ್ ಕಣಿವೆಯ ಈ ಹೊಸ ಬಡಾವಣೆಯಲ್ಲಿ ಬೀದಿಗಳಿದ್ದವು, ಬೀದಿಯ ಎರಡೂ ಕಡೆ ಪಾಯಗಳಿದ್ದವು, ಮನೆಗಳು ಮಾತ್ರ ಇರಲಿಲ್ಲ. ಕೊಟ್ಟ ಜಾಗದಲ್ಲಿ ಹೇಳಿದ ಅವಧಿಯೊಳಗೆ ಪಾಯ ಬೀಳದಿದ್ದರೆ ಜಾಗ ವಾಪಸು ಹೋಗುತ್ತಿತ್ತು. ಅದಕ್ಕೇ ಜನ ತೋರಿಕೆಗೊಂದು ಪಾಯ ಎಳೆದು, ಅದರ ಮೇಲೆ ಸಗಣಿ ಬೆರಣಿ ಒಣಹಾಕಿಕೊಂಡು ಹಾಯಾಗಿದ್ದರು. ಆದರೆ ನಮ್ಮ ಕಡೆ ಚಳಿಗಾಲದಲ್ಲಿ ನೆಲ ಎದೆಮಟ್ಟದವರೆಗೂ ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತದಲ್ಲಿ ಮತ್ತೆ ಇಳಿಯುತ್ತದೆ. ಮೊಣಕಾಲುದ್ದದ ಪಾಯ ಅದರ ಜೊತೆಗೇ ಎದ್ದು ಬಿದ್ದು ಸೀಳಿಹೋಗುತ್ತದೆ. ಪಕ್ಕದ ಜಾಗದ ಪಾಯ ಹೋದ ವಸಂತದಲ್ಲಿ ಕೈ ತೂರಿಸುವಷ್ಟು ಬಿರುಕು ಬಿಟ್ಟಿತ್ತು.

ಬುರ್ಮಾಕಾನ್ ಅದರತ್ತ ಹಾರೆ ತೋರಿಸಿದಳು. "ಅದನ್ನ ನೋಡು."

"ಅದ್ರಲ್ಲಿ ಯಾರೂ ವಾಸ ಮಾಡಲ್ವಲ್ಲ ಅಕ್ಕಾ."

"ನಾನು ವಾಸ ಮಾಡ್ತೀನಿ."

ಜಾಪರ್ ಗುಂಡಿಯಿಂದ ಮೇಲೆ ಬಂದು ಪ್ಯಾಂಟಿನ ಮಣ್ಣು ಕೊಡವಿಕೊಂಡ. ಶಾಲೆಯ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುವ ಈ ಹೆಂಗಸು ಮಧ್ಯಾಹ್ನದ ಮೇಲೆ ಒಬ್ಬಳೇ ಬಂದು ಅಗೆಯುತ್ತಿದ್ದುದನ್ನು ಅವನು ಬೇಸಿಗೆಯಿಂದಲೂ ನೋಡುತ್ತಿದ್ದ. ಇವಳ ಹತ್ತಿರ ವಾದ ಮಾಡುವುದು ದಂಡ ಎಂದು ಅವನಿಗೆ ಗೊತ್ತಾಯಿತು.

"ಆಯ್ತು. ಆದ್ರೆ ಒಂದು ಮಾತು ಕೇಳಿಸ್ಕೊಳ್ಳಿ. ಕಾಂಕ್ರೀಟ್ ಮಿಕ್ಸರ್ ನಂದಲ್ಲ, ಭಾನುವಾರ ಒಂದೇ ದಿನ ಸಿಗೋದು. ಮಾರನೇ ದಿನ ಅದು ಘಟ್ಟದ ಆಚೆ ಹೋದ್ರೆ ಬರೋದು ಮುಂದಿನ ವರ್ಷವೇ. ರಾತ್ರಿ ಆಗಲೇ ಬಕೆಟ್ ನೀರು ಗಟ್ಟಿ ಆಗ್ತಿದೆ. ಅರ್ಧ ತುಂಬಿ ಬಿಟ್ರಿ ಅನ್ಕೊಳಿ, ರಾತ್ರಿ ಅದರ ಮೇಲೆ ಮಂಜು ಕೂರುತ್ತೆ, ಆಮೇಲೆ ಹಾಕಿದ್ದು ಅದಕ್ಕೆ ಕಚ್ಕೊಳ್ಳಲ್ಲ. ಕತ್ತಲಾಗೋದ್ರೊಳಗೆ ಒಂದೇ ಸಮನೆ ತುಂಬಿ, ಮೇಲೆ ಹೊದಿಸಿಬಿಡಬೇಕು. ಅಷ್ಟು ಆಳ ತುಂಬೋಕೆ ಜನ ಎಲ್ಲಿದ್ದಾರೆ ನಿಮಗೆ?"

"ಆಶರ್ ಕರೀತೀನಿ."

ಆಶರ್ ಎಂದರೆ ಕೂಲಿಯಿಲ್ಲದ ಕೆಲಸ. ಊರವರು ಬಂದು ಕೈಹಾಕುತ್ತಾರೆ, ಕರೆದವರು ಊಟ ಹಾಕುತ್ತಾರೆ. ಹೆಂಗಸೊಬ್ಬಳು ತನಗಾಗಿ ತಾನೇ ಆಶರ್ ಕರೆದದ್ದು ನಮ್ಮೂರಲ್ಲಿ ಯಾರಿಗೂ ನೆನಪಿಲ್ಲ. ಜಾಪರ್ ಮತ್ತೆ ಗುಂಡಿಗೆ ಇಳಿದ.

ಆ ಸಂಜೆ ತಮ್ಮನ ಮನೆಯಲ್ಲಿ ಚಹಾ ಕುಡಿಯುವಾಗ ಬುರ್ಮಾಕಾನ್ ವಿಷಯ ಹೇಳಿದಳು. ಗಂಡ ರಾಜಧಾನಿ ಬಿಶ್ಕೆಕ್‌ನಲ್ಲಿ ಇನ್ನೊಬ್ಬಳನ್ನು ತಂದು ಕೂರಿಸಿಕೊಂಡಾಗ ಅವಳು ಒಂದು ಪೆಟ್ಟಿಗೆ ಹಿಡಿದು ಈ ಮನೆಗೆ ಬಂದಿದ್ದಳು. ಅಂದಿನಿಂದ ಹಿಂದಿನ ಕೋಣೆ ಅವಳದು. ತಮ್ಮ ತೊಕ್ತೊಸುನ್ ಕೆಟ್ಟವನೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಕುದುರೆ, ಕುರಿ, ಕಾರು ಎಲ್ಲ ಇದ್ದವನು, ಈ ಸಲ ಊರ ಮುಖ್ಯಸ್ಥನಾಗುವ ಆಸೆ ಇದ್ದವನು. ಗಂಡ ಬಿಟ್ಟ ಅಕ್ಕನನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದಾನೆ ಎನ್ನುವುದು ಅವನ ಹೆಸರಿಗೆ ಅಂಟಿದ್ದ ದೊಡ್ಡ ಹೆಗ್ಗಳಿಕೆ. ಅದನ್ನು ಅವನು ಅಷ್ಟು ಸುಲಭವಾಗಿ ಬಿಟ್ಟುಕೊಡುವವನಲ್ಲ.

"ನಿನಗೆ ಯಾವತ್ತಾದ್ರೂ ಈ ಮನೆ ಬಾಗಿಲು ಹಾಕಿದ್ದೀನಾ?" ಎಂದ.

"ಇಲ್ಲ."

"ಮತ್ತೆ? ಊರವರು ಏನಂತಾರೆ? ತೊಕ್ತೊಸುನ್ ಅಕ್ಕನಿಗೆ ತುತ್ತು ಹಾಕಲಾರದೆ ಊರಾಚೆ ಅಟ್ಟಿದ ಅಂತಾರೆ."

"ನಿನ್ನ ತುತ್ತು ನಾನು ಬಿಟ್ಟಿ ತಿಂದಿಲ್ಲ ತೊಕ್ತೊ. ನಿನ್ನ ಹಸುಗಳ ಹಾಲು ಕರೆದಿದ್ದೀನಿ, ನಿನ್ನ ರೊಟ್ಟಿ ಬೇಯಿಸಿದ್ದೀನಿ."

ಒಲೆಯ ಹತ್ತಿರದಿಂದ ತಟ್ಟೆಯೊಂದು ಧಡಾರನೆ ಸದ್ದು ಮಾಡಿತು. ತೊಕ್ತೊಸುನ್‌ನ ಹೆಂಡತಿ ನಾಜಿಪಾ ಈ ಕಡೆ ತಿರುಗದೆಯೇ ಹೇಳಿದಳು. "ಹಾಗಾದ್ರೆ ನಾನು ಈ ಮನೇಲಿ ಇಷ್ಟು ವರ್ಷ ಕೈಕಟ್ಕೊಂಡು ಕೂತಿದ್ದೆ ಅಂತಾಯ್ತು."

"ನಿನ್ನ ಮಾತು ಎಲ್ಲಿ ಬಂತು ಇಲ್ಲಿ?"

"ನನ್ನ ಮಾತು ನಿಮ್ಮ ಬಾಯಲ್ಲಿ ಯಾವತ್ತು ಬಂದಿದೆ ಅಕ್ಕಾ? ನಾನು ಮಾಡಿದ ಸಾರಿಗೆ ನನಗೆ ಕಾಣದ ಹಾಗೆ ಉಪ್ಪು ಹಾಕೋದು ಮಾತ್ರ ನಿಮಗೆ ಬರುತ್ತೆ."

ಅದೂ ಸುಳ್ಳಲ್ಲ. ಬುರ್ಮಾಕಾನ್ ಉಪ್ಪು ಹಾಕುತ್ತಿದ್ದಳು. ನಾಜಿಪಾ ಬೇಕೆಂದೇ ಕಡಿಮೆ ಹಾಕುತ್ತಿದ್ದಳು. ಒಂದು ಒಲೆಯ ಮುಂದೆ ಇಬ್ಬರು ಹೆಂಗಸರು ಹತ್ತು ವರ್ಷ ನಿಂತರೆ ಹೀಗೇ ಆಗುವುದು. ಮರ್ಯಾದೆಗೆ ನಾಜಿಪಾ ಒಂದು ದಿನವೂ ಕುಂದು ತಂದವಳಲ್ಲ. ಗಂಡನ ಅಕ್ಕನನ್ನು ಬಹುವಚನ ಬಿಟ್ಟು ಕರೆದವಳೂ ಅಲ್ಲ. ಬಹುವಚನದಲ್ಲೇ ಚರ್ಮ ಸುಲಿಯುತ್ತಿದ್ದಳು.

ತೊಕ್ತೊಸುನ್ ಮೀಸೆ ಎಳೆದುಕೊಂಡ. ಆಮೇಲೆ ಇದ್ದಕ್ಕಿದ್ದಂತೆ ನಕ್ಕ. "ಆಗಲಿ ಅಕ್ಕಾ. ನಿನ್ನ ಹಠ ನಿನಗೆ. ಭಾನುವಾರ ನಾನೂ ಬರ್ತೀನಿ."

ಅವನು ಬೈದಿದ್ದರೆ ಬುರ್ಮಾಕಾನ್‌ಗೆ ನಿದ್ದೆ ಬರುತ್ತಿತ್ತು.

ಭಾನುವಾರ ಜನ ಬಂದರು. ಅವಳು ಎಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಅವಳ ಕೈಯ ರೊಟ್ಟಿ ತಿಂದು ಶಾಲೆ ಕಲಿತವರೇ ಅರ್ಧ ಜನ. ಜಾಪರ್ ಮಿಕ್ಸರ್‌ಗೆ ಜೀವ ಕೊಟ್ಟ, ಅದು ಕೆಮ್ಮಿ ಕೆಮ್ಮಿ ಹೊಗೆ ಬಿಟ್ಟು ತಿರುಗತೊಡಗಿತು. ಕೆಲವರು ಹೊಳೆಯ ಜಲ್ಲಿ ಎಳೆದರು, ಕೆಲವರು ನೀರುಗಾಲುವೆಯಿಂದ ಬಕೆಟ್ ಹೊತ್ತರು, ಗಂಡಸರು ಸಾಲಾಗಿ ನಿಂತು ಬಾಂಡ್ಲಿ ಕೈದಾಟಿಸಿದರು. ಬೂದು ಕಾಂಕ್ರೀಟ್ ಗುಂಡಿಯ ತಳಕ್ಕೆ ಬೀಳುತ್ತಿತ್ತು, ಜಾಪರ್ ಅದರೊಳಗೆ ಕಬ್ಬಿಣದ ಸರಳು ಚುಚ್ಚಿ ಚುಚ್ಚಿ ಗಾಳಿ ತೆಗೆಯುತ್ತಿದ್ದ. ಗಾಳಿಗೆ ಅಡ್ಡಲಾಗಿ ನಿಲ್ಲಿಸಿದ ತಗಡಿನ ಹಿಂದೆ ಹೆಂಗಸರು ದೊಡ್ಡ ಕಡಾಯಿಗೆ ಒಲೆ ಹೂಡಿದ್ದರು. ಬುರ್ಮಾಕಾನ್ ಸಂಜೆಗೆಂದು ಬೇಳೆ ಸಾರು, ರೊಟ್ಟಿ ಯೋಚಿಸಿದ್ದಳು. ನಾಜಿಪಾ ಬಂದು ಈರುಳ್ಳಿ ಹೆಚ್ಚುತ್ತ ಕೂತಿದ್ದಳು. ನಡುಮಧ್ಯಾಹ್ನದ ಹೊತ್ತಿಗೆ ಪಾಯ ಸೊಂಟದವರೆಗೆ ತುಂಬಿತು.

ಆಗ ತೊಕ್ತೊಸುನ್‌ನ ಕಾರು ಬಂತು. ಹಿಂದಿನ ಸೀಟಿನಲ್ಲಿ ಕೊಬ್ಬಿದ ಕುರಿ, ಮುಂದಿನ ಸೀಟಿನಲ್ಲಿ ಊರಿನ ಹಿರಿತಲೆ ಒರ್ಮೊನ್ ಅಜ್ಜ.

"ಅಕ್ಕನ ಪಾಯಕ್ಕೆ ರಕ್ತ ಬೀಳದೆ ಇರೋಕಾಗುತ್ತಾ!" ತೊಕ್ತೊಸುನ್ ಎಲ್ಲರಿಗೂ ಕೇಳುವಂತೆ ಕೂಗಿದ. ಗಂಡಸರು ಹೋ ಎಂದರು. ಬೇಳೆ ಸಾರಿನ ಆಶರ್‌ನಲ್ಲಿ ಕುರಿ ಕಂಡರೆ ಯಾರ ಬಾಯಲ್ಲಿ ನೀರೂರುವುದಿಲ್ಲ?

ಬುರ್ಮಾಕಾನ್ ಒಬ್ಬಳೇ ಅರ್ಧ ತುಂಬಿದ ಗುಂಡಿಯತ್ತ ನೋಡಿದಳು. ಕುರಿ ಬಿದ್ದಮೇಲೆ ಅದಕ್ಕೊಂದು ಕ್ರಮವಿದೆ. ಮೊದಲು ಚಹಾ, ಆಮೇಲೆ ಹುರಿದ ಲಿವರ್, ಆಮೇಲೆ ಮಾಂಸ. ತಲೆ ಹಿರಿಯರಿಗೆ, ಉಳಿದ ತುಂಡುಗಳು ವಯಸ್ಸಿನ ಪ್ರಕಾರ. ಎಲ್ಲ ಮುಗಿದಮೇಲೆ ಹಿರಿಯರು ಅಂಗೈ ಚಾಚಿ ಹರಸಬೇಕು. ಅಲ್ಲಿಯವರೆಗೆ ಕೂತ ಗಂಡಸು ಏಳುವಂತಿಲ್ಲ, ಎದ್ದರೆ ಕುರಿ ಕೊಟ್ಟವನ ಮುಖಕ್ಕೆ ಉಗಿದಂತೆ. ಒರ್ಮೊನ್ ಅಜ್ಜನಿಗೆ ಹಲ್ಲಿಲ್ಲ, ಕಥೆಗಳು ಮಾತ್ರ ಬೇಕಾದಷ್ಟಿವೆ. ಹೊತ್ತು ಮುಳುಗುವವರೆಗೂ ಊಟ ಮುಗಿಯುವುದಿಲ್ಲ.

ಅವಳು ತಮ್ಮನನ್ನು ಗುಂಡಿಯ ಮೂಲೆಗೆ ಕರೆದಳು. "ಕೆಲಸ ಮುಗೀಲಿ. ಊಟ ಆಮೇಲೆ."

"ಅಜ್ಜನಿಗೆ ನೀನೇ ಹೋಗಿ ಹೇಳು, ಹಸ್ಕೊಂಡು ಕಾಯಿರಿ ಅಂತ."

"ತೊಕ್ತೊ, ನೀನು ಕುರಿ ಕೊಯ್ತಿಲ್ಲ. ನನ್ನನ್ನ ಕೊಯ್ತಿದ್ದೀಯ."

"ನಗು ಅಕ್ಕಾ," ಎಂದ ಅವನು ತಾನೂ ನಗುತ್ತ. "ಜನ ನೋಡ್ತಿದ್ದಾರೆ."

ಕುರಿಯ ರಕ್ತ ಗುಂಡಿಯ ಮೂಲೆಗೆ ಹರಿಯಿತು. ಜಮಖಾನ ಹಾಸಿದರು. ಮಿಕ್ಸರ್ ನಿಂತಿತು. ಆಶರ್ ಕರೆದವಳು ಬುರ್ಮಾಕಾನ್ ಆದ್ದರಿಂದ ಚಹಾ ಬಗ್ಗಿಸುವುದೂ ಅವಳ ಪಾಲಿಗೇ ಬಂತು. ಒಂದೊಂದು ಬಟ್ಟಲು ಕೊಡುವಾಗಲೂ ಗುಡ್ಡದ ಮೇಲಿನ ಬಿಸಿಲನ್ನು ನೋಡುತ್ತಿದ್ದಳು. ಜಾಪರ್ ಬಟ್ಟಲು ತೆಗೆದುಕೊಳ್ಳುವಾಗ ತಲೆ ತಗ್ಗಿಸಿ, "ನಾನು ಕಿರಿಯೋನು ಅಕ್ಕಾ, ಏಳೋ ಹಾಗಿಲ್ಲ," ಎಂದು ಗೊಣಗಿದ. ಅಜ್ಜ ತನ್ನ ಕಾಲದ ಒಂದು ಕುದುರೆ ಕಳ್ಳತನದ ಕಥೆ ಶುರುಮಾಡಿದ್ದ. ಕಥೆಯಲ್ಲಿ ಕುದುರೆ ಇನ್ನೂ ಹುಟ್ಟಿರಲಿಲ್ಲ.

ಹುರಿದ ಲಿವರ್ ಒಯ್ಯಲು ಅವಳು ತಗಡಿನ ಹಿಂದೆ ಬಂದಾಗ ನಾಜಿಪಾ ಕಡಾಯಿಯ ನೊರೆ ತೆಗೆಯುತ್ತಿದ್ದಳು.

"ಮಿಕ್ಸರ್ ಯಾಕೆ ನಿಲ್ಲಿಸಿದ್ರು?"

"ನಿನ್ನ ಗಂಡ ಊಟ ಹಾಕ್ತಿದ್ದಾನಲ್ಲ."

"ಊಟ ಆದ್ಮೇಲೆ ತುಂಬ್ತಾರಾ?"

"ಕತ್ತಲಲ್ಲಿ? ಮಂಜಲ್ಲಿ? ನಾಳೆ ಮಿಕ್ಸರೂ ಇಲ್ಲ. ಹಾಳಾಯ್ತು ಬಿಡು. ಮುಂದಿನ ವರ್ಷ ಅದು ಬರೋದ್ರೊಳಗೆ ಪಂಚಾಯ್ತಿಯೋರು ಬಂದು, ನೆಲದ ಮೇಲೆ ಏನೂ ಕಾಣದ ಅರ್ಧ ಗುಂಡಿ ನೋಡಿ ಜಾಗ ಕಿತ್ಕೊಂಡು ಹೋಗ್ತಾರೆ." ಬುರ್ಮಾಕಾನ್ ತಟ್ಟೆ ಎತ್ತಿಕೊಂಡಳು. "ಸಂತೋಷ ಪಡು. ಇನ್ನು ಸಾಯೋವರೆಗೂ ನಿನ್ನ ಸಾರಿಗೆ ಉಪ್ಪು ಹಾಕ್ತೀನಿ."

ನಾಜಿಪಾಳ ಕೈಯ ಸೌಟು ಹಾಗೇ ನಿಂತಿತು. ಗಂಡ ಕುರಿ ಹಿಡಿದು ಬಂದಾಗ ಅವಳು, ಪರವಾಗಿಲ್ಲ, ಅಕ್ಕನ ಮೇಲೆ ಅಷ್ಟಾದರೂ ಅಭಿಮಾನ ಇದೆ ಎಂದುಕೊಂಡಿದ್ದಳು. ಈಗ ಜಮಖಾನದ ಕಡೆ ಒಮ್ಮೆ ನೋಡಿದಳು, ಗುಂಡಿಯ ಕಡೆ ಒಮ್ಮೆ ನೋಡಿದಳು.

"ಅಂದ್ರೆ ನೀವು ಎಲ್ಲೂ ಹೋಗಲ್ಲ."

"ಎಲ್ಲಿ ಹೋಗಲಿ?"

"ನನ್ನನ್ನ ಒಂದು ಮಾತು ಕೇಳಲಿಲ್ಲ ಆ ಮನುಷ್ಯ," ಎಂದಳು ನಾಜಿಪಾ. "ತನ್ನ ಹೆಸರು ಉಳಿಸ್ಕೊಳ್ಳೋಕೆ ನನ್ನ ಒಲೆ ಅಡವಿಟ್ಟ. ನಾನು ಈ ಚಳಿಗಾಲ ಒಂದು ಹೇಗೋ ಕಳೆದುಬಿಡೋಣ, ಮುಂದಿನ ವರ್ಷ ನನ್ನ ಅಡುಗೆಮನೆ ನನಗೆ ಅಂತ ದಿನ ಎಣಿಸ್ತಿದ್ರೆ..." ಸೌಟನ್ನು ಒಬ್ಬ ಮುದುಕಿಯ ಕೈಗೆ ತುರುಕಿದಳು. ಬಗ್ಗಿ, ಕಡಾಯಿಯ ಕೆಳಗಿನ ಎರಡು ದೊಡ್ಡ ಕೊರಡುಗಳನ್ನು ಹೊರಗೆಳೆದು ಮಣ್ಣಿಗೆ ಒತ್ತಿದಳು. ಉರಿ ಇಳಿಯಿತು.

"ಏನು ಮಾಡ್ತಿದ್ದೀಯೇ?" ಮುದುಕಿ ಕೇಳಿದಳು.

"ಮಾಂಸ ನಿಧಾನಕ್ಕೆ ಬೇಯಲಿ ಅಜ್ಜಿ. ಗಂಡಸರಿಗೆ ಅವಸರ ಏನಿದೆ?" ನಾಜಿಪಾ ಅಂಗಿಯ ತೋಳು ಮಡಚಿ ಉಳಿದ ಹೆಂಗಸರ ಕಡೆ ತಿರುಗಿದಳು. "ನೋಡ್ತಾ ನಿಂತಿದ್ದೀರಲ್ಲ. ಕೂತೋರು ಏಳಬಾರದು, ಸರಿ. ನಮ್ಮನ್ನ ಯಾರು ಕೂರು ಅಂದಿದ್ದಾರೆ?"

ಯಾರೂ ಅಂದಿರಲಿಲ್ಲ. ಹೆಂಗಸರ ಊಟ ಯಾವಾಗಲೂ ಗಂಡಸರದು ಮುಗಿದ ಮೇಲೆ.

ಮಿಕ್ಸರ್‌ನ ಹಗ್ಗವನ್ನು ನಾಜಿಪಾ ಎಳೆದಳು, ಆಗಲಿಲ್ಲ. ಬುರ್ಮಾಕಾನ್ ಎಳೆದಳು, ಆಗಲಿಲ್ಲ. "ಸರೀರಿ, ಇಬ್ಬರೂ ಹಿಡಿಯೋಣ," ಎಂದು ನಾಜಿಪಾ ಅವಳ ಕೈಯ ಮೇಲೇ ಕೈಯಿಟ್ಟು ಸಿಟ್ಟೆಲ್ಲ ಸೇರಿಸಿ ಎಳೆದಳು. ಯಂತ್ರ ಕೆಮ್ಮಿ ತಿರುಗಿತು. ಜಮಖಾನದ ಮೇಲಿನ ತಲೆಗಳೆಲ್ಲ ಒಟ್ಟಿಗೆ ಈ ಕಡೆ ತಿರುಗಿದವು.

ಹೆಂಗಸರು ಸಾಲು ಕಟ್ಟಿದರು. ಸಿಮೆಂಟು ಚೀಲವನ್ನು ಇಬ್ಬಿಬ್ಬರು ಎಳೆದರು. ನೀರು ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ, ಮೊದಲ ಸಲ ಗಂಜಿಯಂತೆ ತೆಳ್ಳಗಾಯಿತು.

"ನೀರು ಕಮ್ಮಿ! ನೀರು ಕಮ್ಮಿ ಮಾಡಿ!" ಜಾಪರ್ ಕೂತಲ್ಲಿಂದಲೇ ಕಿರುಚಿದ. ಅವನ ಬಾಯಲ್ಲಿ ಲಿವರ್ ಇತ್ತು. "ಇನ್ನೂ ಜಲ್ಲಿ ಹಾಕಿ! ಆ ಮೂಲೇಲಿ ಚುಚ್ಚಿ, ಚುಚ್ಚಿ!"

"ಊಟದ ಮುಂದೆ ಕೂಗಬಾರದು ಕಣೋ," ಎಂದ ಒರ್ಮೊನ್ ಅಜ್ಜ.

"ತಪ್ಪಾಯ್ತು ಅಜ್ಜ. ಸರಳು ನೆಟ್ಟಗೆ ಹಿಡೀರೇ!"

ತೊಕ್ತೊಸುನ್ ಅರ್ಧ ಎದ್ದ. ಅವನ ಮುಖ ಕೆಂಡವಾಗಿತ್ತು. "ನಾಜಿಪಾ! ಏನಿದು? ಮಾಂಸ ಎಲ್ಲಿ?"

"ಬೇಯ್ತಾ ಇದೆ! ನೀವು ಕೂತ್ಕೊಂಡು ಅಜ್ಜನ ಕಥೆ ಕೇಳಿ!"

ಅವನು ಇನ್ನೊಂದು ಕಾಲನ್ನೂ ಎತ್ತುವಷ್ಟರಲ್ಲಿ ಅಜ್ಜ ಅವನ ಅಂಗಿಯ ತುದಿ ಹಿಡಿದ. "ಕೂತ್ಕೊ ಮಗಾ. ಕುರಿ ಕೊಟ್ಟೋನೇ ಎದ್ರೆ ಉಳಿದೋರು ಏನು ಮಾಡಬೇಕು? ಎಲ್ಲಿದ್ದೆ ನಾನು? ಹ್ಞಾ, ಆ ಕುದುರೆಯ ತಾಯಿ..." ತೊಕ್ತೊಸುನ್ ಕೂತ. ತನ್ನ ಹೆಸರಿಗಾಗಿ ತಂದ ಕುರಿ, ತನ್ನ ಹೆಸರಿಗಾಗಿ ಕೂರಲೇಬೇಕು. ಅವನನ್ನು ನೋಡಿ ಕೆಲವರು ಬಟ್ಟಲಿನೊಳಗೆ ನಕ್ಕರು.

ಗುಂಡಿಯ ಅಂಚಿನಲ್ಲಿ ಬುರ್ಮಾಕಾನ್, ನಾಜಿಪಾ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ದುಡಿದರು. ಬಾಯಿ ಮಾತ್ರ ನಿಲ್ಲಲಿಲ್ಲ.

"ಸಲಿಕೆ ಹೀಗಾ ಹಿಡಿಯೋದು? ನಿನ್ನ ತಾಯಿ ಮನೇಲಿ ಇದನ್ನೂ ಕಲಿಸಲಿಲ್ವಾ?"

"ನನ್ನ ತಾಯಿ ಮನೇಲಿ ಹೆಂಗಸರಿಗೆ ಗುಂಡಿ ತೋಡೋ ಗತಿ ಬಂದಿರಲಿಲ್ಲ ಅಕ್ಕಾ."

"ನಿನಗೆ ಯಾರು ಬಾ ಅಂದ್ರು?"

"ನಿಮಗೋಸ್ಕರ ಬಂದೆ ಅಂದ್ಕೊಂಡ್ರಾ? ನೀವು ಈ ಗುಂಡಿಯೊಳಗೆ ಬಿದ್ದು ಸತ್ರೂ ನನಗೇನೂ ಇಲ್ಲ. ಆದ್ರೆ ತುಂಬಿದ್ಮೇಲೆ ಬೀಳಿ."

ಬುರ್ಮಾಕಾನ್‌ಗೆ ನಗು ಬಂತು. ನಗಲಿಲ್ಲ, ಆ ಸುಖವನ್ನು ನಾಜಿಪಾಗೆ ಕೊಡುವ ಮನಸ್ಸಿರಲಿಲ್ಲ. ಬಿಸಿಲು ಗುಡ್ಡದ ನೆತ್ತಿಗೆ ಹೋಯಿತು. ಬೆರಳುಗಳು ಮರಗಟ್ಟಿದವು. ಹಲಗೆಯ ಅಂಚಿನವರೆಗೆ ಒಂದು ಬದಿ ತುಂಬಿತು, ಇನ್ನೊಂದು ಬದಿ ತುಂಬಿತು. ಮುದುಕಿ ತಾನಾಗಿಯೇ ಒಲೆಗೆ ಕೊರಡು ತುರುಕಿ ಮಾಂಸ ಬೇಯಿಸಿ, ತಾನೇ ಹೊತ್ತು ಬಡಿಸಿದಳು. ಗಂಡಸರು ತಿಂದರು. ಎಂದೂ ಅಷ್ಟು ಬೇಗ ತಿಂದವರಲ್ಲ. ಅಜ್ಜ ಮಾತ್ರ ಕುರಿಯ ತಲೆಯನ್ನು ತನ್ನ ಗತಿಯಲ್ಲೇ ಬಿಡಿಸಿ ಬಿಡಿಸಿ ತಿಂದ.

ಕೊನೆಯ ಬಾಂಡ್ಲಿ ಬಿದ್ದು, ಬುರ್ಮಾಕಾನ್ ಹಲಗೆಯಿಂದ ಮೇಲ್ಮೈ ಎಳೆದು ಮಟ್ಟ ಮಾಡುತ್ತಿದ್ದಾಗ ಅಜ್ಜನ ದನಿ ಏರಿತು. "ಈ ಪಾಯದ ಮೇಲೆ ಏಳುವ ಮನೆ ಗಟ್ಟಿಯಾಗಿರಲಿ. ಇದರ ಒಲೆ ಆರದಿರಲಿ. ಆಮೀನ್."

ಆಮೀನ್ ಕೇಳಿದರೆ ಕೈ ತಾನಾಗಿಯೇ ಏಳುತ್ತದೆ. ಗುಂಡಿಯ ಸುತ್ತ ನಿಂತಿದ್ದ ಹೆಂಗಸರೆಲ್ಲ ಅಂಗೈ ಎತ್ತಿ ಮುಖದ ಮೇಲೆ ಎಳೆದುಕೊಂಡರು. ಕೈತುಂಬ ಸಿಮೆಂಟು. ಹಣೆಯಿಂದ ಗಲ್ಲದವರೆಗೆ ಎಲ್ಲರ ಮುಖವೂ ಬೂದು ಬಣ್ಣವಾಯಿತು. ನಾಜಿಪಾ ಥೂ ಎಂದು ಉಗುಳಿ, ತಲೆವಸ್ತ್ರದಿಂದ ಮುಖ ಒರೆಸಿಕೊಂಡು, ಯಾರಿಗೂ ಹೇಳದೆ ಊರ ಕಡೆ ಹೊರಟುಹೋದಳು.

ಗಂಡಸರು ಎದ್ದು ಬಂದು ಪಾಯ ನೋಡಿದರು. ಜಾಪರ್ ಬಗ್ಗಿ ಬೆರಳಿಟ್ಟು ನೋಡಿ, "ಆಗುತ್ತೆ, ಆದ್ರೆ ಈಗಲೇ ಹೊದಿಸಬೇಕು. ಸಿಮೆಂಟಿನ ಖಾಲಿ ಕಾಗದದ ಚೀಲ ಸಾಲಲ್ಲ," ಎಂದ. ತೊಕ್ತೊಸುನ್ ಪಾಯದ ಹತ್ತಿರ ಬರಲಿಲ್ಲ. ಅಜ್ಜನನ್ನು ಕಾರಿಗೆ ಹತ್ತಿಸಿದ, ಬಾಗಿಲು ಹಾಕಿದ, ಅಕ್ಕನ ಕಡೆ ಒಮ್ಮೆಯೂ ನೋಡದೆ ಹೋದ.

ನಾಜಿಪಾ ಕತ್ತೆಗಾಡಿ ಹೊಡೆದುಕೊಂಡು ವಾಪಸು ಬಂದಳು. ಗಾಡಿಯ ತುಂಬ ಹಾಸಿಗೆ, ಕಂಬಳಿ, ಕೌದಿ. ಬುರ್ಮಾಕಾನ್ ಮೇಲಿನದನ್ನು ಎಳೆದು ನೋಡಿದಳು. ಕೆಂಪು ತುಂಡು, ಹಸಿರು ತುಂಡು ಸೇರಿಸಿ ಅವಳ ತಾಯಿ ಹೊಲಿದ ಕೌದಿ.

"ಇವು ನನ್ನವು."

"ಮತ್ತೆ ನನ್ನವು ತರ್ತೀನಾ?"

"ಎಲ್ಲವನ್ನೂ ತಂದಿದ್ದೀಯ. ಇವತ್ತು ನಾನೆಲ್ಲಿ ಮಲಗಲಿ?"

"ಅದು ನನಗೆ ಗೊತ್ತಿಲ್ಲ ಅಕ್ಕಾ. ಕೋಣೆ ಗುಡಿಸಿ ಬಂದಿದ್ದೀನಿ." ನಾಜಿಪಾ ಒಂದು ಹಾಸಿಗೆಯ ತುದಿ ಹಿಡಿದು ಕಾದಳು. "ಹಿಡ್ಕೊಳ್ಳಿ ಆ ಕಡೆ. ಮಂಜು ನಿಮ್ಮ ಮುಖ ನೋಡ್ಕೊಂಡು ಕಾಯುತ್ತಾ?"

ಬುರ್ಮಾಕಾನ್ ಹಿಡಿದುಕೊಂಡಳು. ಇಬ್ಬರೂ ಮೂಲೆಯಿಂದ ಮೂಲೆಗೆ ಹಾಸುತ್ತ ಹೋದರು. ಹಾಸಿಗೆ ಮುಗಿದ ಕಡೆ ಕಂಬಳಿ, ಕಂಬಳಿ ಮುಗಿದ ಕಡೆ ಕೌದಿ. ಗಾಳಿಗೆ ಹಾರದಂತೆ ನಾಜಿಪಾ ಅಂಚಿಗೆಲ್ಲ ಕಲ್ಲಿಟ್ಟಳು, ತಾಯಿಯ ಕೌದಿಯ ಮೇಲೆ ಮಾತ್ರ ಕಲ್ಲಿಡದೆ ಅದರ ಅಂಚನ್ನು ಹಲಗೆಯ ಕೆಳಗೆ ಮಡಚಿ ಸಿಕ್ಕಿಸಿದಳು. ಆಮೇಲೆ ಗಾಡಿ ಹತ್ತಿ, ಕತ್ತೆಗೆ ಬೈಯುತ್ತ ಹೊರಟುಹೋದಳು.

ಬುರ್ಮಾಕಾನ್ ಒಬ್ಬಳೇ ಉಳಿದಳು. ಅಡುಗೆಮನೆ ಬರಬೇಕಾದ ಮೂಲೆಗೆ ಹೋಗಿ ಕೂತು, ಕೌದಿಯ ಕೆಳಗೆ ಕೈ ತೂರಿಸಿದಳು. ಕಾಂಕ್ರೀಟ್ ಇನ್ನೂ ಹಸಿಯಾಗಿತ್ತು. ಹೊರಗಿನ ಗಾಳಿಯಷ್ಟು ತಣ್ಣಗಿರಲಿಲ್ಲ. ಅವಳು ಇನ್ನೊಂದು ಕೈಯನ್ನೂ ಒಳಗಿಟ್ಟಳು.